ಬಿಳಿಯ ಪುಟ

ಹೊಸ ಭಾಷೆ ಕಲಿತವನಿಗೆ ಹಳಬರ ಮೇಲೆ ಸ್ವಲ್ಪ ತಾತ್ಸಾರ ಹುಟ್ಟುವುದುಂಟು. ನನಗೂ ಹುಟ್ಟಿತ್ತು. ನಾನು ಕಲಿತದ್ದು ಟೈಪ್‌ಸ್ಕ್ರಿಪ್ಟ್. 2012ರಲ್ಲಿ ಮೈಕ್ರೋಸಾಫ್ಟಿನವರು ಹೊರತಂದ ಗಣಕಭಾಷೆ. ಬ್ರೌಸರಿಗೆ ಅದು ನೇರವಾಗಿ ತಿಳಿಯದು. ಕಂಪೈಲರೆಂಬ ದುಭಾಷಿ ಅದನ್ನು ಜಾವಾಸ್ಕ್ರಿಪ್ಟಿಗೆ ಭಾಷಾಂತರಿಸಿ ಕೊಡಬೇಕು.

2019ರಲ್ಲಿ ಒಂದು ಕಣ್ಣಿನ ಆಸ್ಪತ್ರೆಗಾಗಿ, ರೋಗಿಗಳು ಮನೆಯಿಂದಲೇ ದಿನ ಗೊತ್ತುಮಾಡಿಕೊಳ್ಳುವ ಪುಟವೊಂದನ್ನು ಬರೆದುಕೊಟ್ಟೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಸೊಗಸಾಗಿ ತೆರೆಯಿತು. ಮೈಸೂರಿನಲ್ಲಿದ್ದ ಸೋದರಮಾವನಿಗೆ ಕಣ್ಣಿನಲ್ಲಿ ಪೊರೆ ಬಂದಿತ್ತು. "ಆಸ್ಪತ್ರೆಗೆ ಅಲೆಯಬೇಡಿ ಮಾವ, ನನ್ನ ಪುಟದಲ್ಲೇ ದಿನ ಗೊತ್ತುಮಾಡಿ" ಎಂದು ಹೆಮ್ಮೆಯಿಂದ ಹೇಳಿದೆ.

ಮೂರು ದಿನ ಸುದ್ದಿಯಿಲ್ಲ. ನಾಲ್ಕನೆಯ ದಿನ ನಾನೇ ಹೋದೆ. ಮಾವ ಮೆಲ್ಲಗೆ ಹೇಳಿದರು:

"ನಿನ್ನ ಪುಟದಲ್ಲಿ ಬರೀ ಬಿಳುಪು ಕಾಣುತ್ತಪ್ಪ. ಪೊರೆ ಪೂರ್ತಿ ಬಲಿತುಬಿಟ್ಟಿತೋ ಏನೋ. ನಿಮ್ಮತ್ತೆಗೆ ಹೇಳಿಲ್ಲ."

ದೋಷ ಅವರ ಕಣ್ಣಿನದಲ್ಲ. ಅವರ ಗಣಕದಲ್ಲಿದ್ದುದು 2013ರ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 11. ನನ್ನ ದುಭಾಷಿ ಭಾಷಾಂತರಿಸಿದ್ದು 2015ರ ವ್ಯಾಕರಣಕ್ಕೆ. ಅದರಲ್ಲಿ ಬಾಣದ ಗುರುತಿನ ಹೊಸ ಬರವಣಿಗೆಯೊಂದುಂಟು. ಅರಿಯದ ಗುರುತು ಕಂಡರೆ ಬ್ರೌಸರು ಆ ಸಾಲನ್ನಷ್ಟೇ ಬಿಟ್ಟು ಮುಂದೆ ಹೋಗುವುದಿಲ್ಲ. ಎಲೆಯಲ್ಲಿ ಕೂದಲು ಕಂಡವರು ಊಟವನ್ನೇ ಬಿಟ್ಟೇಳುವಂತೆ ಇಡೀ ಕಡತವನ್ನೇ ತಳ್ಳಿಬಿಡುತ್ತದೆ.

ಅಲ್ಲಿಯೇ ಕುಳಿತು, 2009ರ ವ್ಯಾಕರಣಕ್ಕೆ ಭಾಷಾಂತರಿಸುವಂತೆ ಒಂದು ಸಾಲು ಬದಲಿಸಿದೆ. ಬಾಣಗಳು ಮಾಯವಾದವು. ಪುಟ ಮಾತ್ರ ಬೆಳ್ಳಗೇ ಉಳಿಯಿತು. ಈ ಸಲ ಬ್ರೌಸರಿನ ತಕರಾರು: "ಪ್ರಾಮಿಸ್ ಎಂಬುದನ್ನು ನಾನರಿಯೆ." ಮುಂದೆ ಬರಲಿರುವ ಉತ್ತರಕ್ಕಾಗಿ ಈಗಲೇ ಕೊಡುವ ಮಾತು ಅದು. ದುಭಾಷಿ ವಾಕ್ಯವನ್ನು ಬದಲಿಸಬಲ್ಲ. ಮನೆಯಲ್ಲಿಲ್ಲದ ಸಾಮಾನನ್ನು ತಂದುಕೊಡಲಾರ. ಅದನ್ನು ಪಾಲಿಫಿಲ್ ಎಂಬ ಬುತ್ತಿಯಾಗಿ ನಾವೇ ಕಟ್ಟಿ ಕಳಿಸಬೇಕು. ಕಳಿಸಿದೆ. ಪುಟದ ತೂಕ ಕೊಂಚ ಹೆಚ್ಚಿತು, ಅಕ್ಷರಗಳು ಮೂಡಿದವು.

"ಕಾಣುತ್ತೆ ಕಣೋ! ನಿಮ್ಮತ್ತೇನ ಕರಿ" ಎಂದರು ಮಾವ.

ಆ ಬ್ರೌಸರಿಗೆ ಮೈಕ್ರೋಸಾಫ್ಟಿನವರು 2022ರ ಜೂನಿನಲ್ಲಿ ವಿದಾಯ ಹೇಳಿದರು. ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಇಂದಿನ ಹೊಸ ಗಣಕಗಳೂ ನಾಳೆ ಯಾರದೋ ಮನೆಯ ಹಳೆಯ ಗಣಕಗಳೇ. ಆದ್ದರಿಂದ ಯಾವ ಪುಟವನ್ನು ಬರೆದರೂ, ತೆರೆಯುವವರ ಬಳಿ ಏನಿದೆಯೆಂದು ಈಗ ಮೊದಲು ಕೇಳುತ್ತೇನೆ. ನನ್ನ ಒಂದು ಸಾಲಿನ ಉದಾಸೀನದಿಂದ ಹಿರಿಯರೊಬ್ಬರು ಮೂರು ದಿನ ತಾವು ಕುರುಡರಾದೆವೆಂದು ನಂಬಿ, ಒಬ್ಬರೇ ಹೆದರಿ ಕುಳಿತಿದ್ದರು. ಕಾಣದಿದ್ದುದು ನನಗೆ.