ಮಾಥೇರಾನಿನ ಕೆರೆ, ನಾಲ್ಕು ಸಲ

ಡೊಂಬಿವಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಮಾಥೇರಾನಿಗೆ ಅಷ್ಟರಲ್ಲಿ ಹೋಗಿದ್ದು ಎರಡೇ ಸಲ. ಒಮ್ಮೆ ಆಫೀಸಿನವರ ಜೊತೆ, ಇನ್ನೊಮ್ಮೆ ಮದುವೆಯಾದ ಹೊಸದರಲ್ಲಿ. ಎರಡು ಸಲವೂ ಎಲ್ಲರಂತೆ ಪಾಯಿಂಟುಗಳನ್ನು ಎಣಿಸಿಕೊಂಡು ಬಂದಿದ್ದೆವು: ಎಕೋ ಪಾಯಿಂಟ್, ಲೂಯಿಸಾ ಪಾಯಿಂಟ್, ಪ್ಯಾನೊರಮಾ ಪಾಯಿಂಟ್. ಶಾರ್ಲೆಟ್ ಕೆರೆಯ ಮುಂದೆ ನಿಂತು ತೆಗೆಸಿಕೊಂಡ ಫೋಟೊ ಇನ್ನೂ ಮನೆಯಲ್ಲಿದೆ. ಆದರೆ ಕೆರೆ ಹೇಗಿತ್ತು ಎಂದು ಕೇಳಿದರೆ ನೆನಪಿಲ್ಲ. ಅದನ್ನು ನನಗೆ ತೋರಿಸಿದ್ದು ಅವ್ವ.

2023ರ ಮೇ ತಿಂಗಳು. ಅವ್ವ ಊರಿನಿಂದ ಬಂದಿದ್ದಳು. ಸೆಕೆ ತಾಳಲಾರದೆ ಒದ್ದಾಡುತ್ತಿದ್ದವಳನ್ನು ಕರೆದುಕೊಂಡು ಬೆಳಗಿನ ಕರ್ಜತ್ ಲೋಕಲ್ ಹಿಡಿದು ನೇರಳದಲ್ಲಿ ಇಳಿದೆವು. ಸ್ಟೇಷನ್ನಿನ ಹೆಸರು ಕೇಳಿ ಅವ್ವ, “ಹೆಸರೇನೋ ಚೊಲೋ ಐತಿ, ನೆರಳ ಎಲ್ಲೈತಿ?” ಎಂದಳು. ಅಲ್ಲಿಂದ ಶೇರ್ ಟ್ಯಾಕ್ಸಿಯಲ್ಲಿ ಘಾಟಿ ಹತ್ತಿ ದಸ್ತೂರಿ ನಾಕಾ. ಕಾರು, ಬೈಕು ಯಾವುದೂ ಅಲ್ಲಿಂದ ಮುಂದೆ ಹೋಗುವಂತಿಲ್ಲ. ಸುಮಾರು 800 ಮೀಟರ್ ಎತ್ತರದ ಈ ಊರಿನಲ್ಲಿ ಆಗ ಇದ್ದದ್ದು ಕಾಲ್ನಡಿಗೆ, ಕುದುರೆ, ಕೈಗಾಡಿ, ಇಲ್ಲವೇ ಅಮನ್ ಲಾಡ್ಜ್‌ನಿಂದ ಹೊರಡುವ ಶಟಲ್ ರೈಲು. ಅಂದು ಶಟಲ್‌ನ ಟಿಕೆಟ್ ಮುಗಿದಿತ್ತು. ಪೇಟೆ ಇನ್ನೂ ಎರಡೂವರೆ ಕಿಲೋಮೀಟರಿಗಿಂತ ಹೆಚ್ಚು ದೂರ. ಅವ್ವನ ಮೊಣಕಾಲು ನೆನೆದು ಕೈಗಾಡಿ ಮಾತಾಡಿದೆ. ಮುಂದೆ ಒಬ್ಬ ಎಳೆಯುತ್ತಿದ್ದ, ಹಿಂದೆ ಒಬ್ಬ ನೂಕುತ್ತಿದ್ದ.

ಅವ್ವ ಹತ್ತಲೇ ಇಲ್ಲ. “ಮನಷ್ಯಾ ಎಳಿಯೂ ಗಾಡ್ಯಾಗ ನಾ ಕೂಡಂಗಿಲ್ಲ ತಮ್ಮಾ.”

ಗಾಡಿಯವನಿಗೆ ಭಾಷೆ ತಿಳಿಯದಿದ್ದರೂ ಮಾತು ತಿಳಿಯಿತು. “ಆಯಿ, ನೀವು ಕೂರದಿದ್ದರೆ ನಾವು ತಿನ್ನುವುದೇನು?” ಎಂದು ಮರಾಠಿಯಲ್ಲಿ ಕೇಳಿದ. ಅದನ್ನು ಅವ್ವನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಚೀಲಾ ಅದರಾಗ ಇಡು. ರೊಕ್ಕಾ ಪೂರ್ತಿ ಕೊಡು,” ಎಂದಳು. ಹೀಗೆ ನಮ್ಮ ಎರಡು ಚೀಲಗಳು ಗಾಡಿಯಲ್ಲಿ ಸವಾರಿ ಹೊರಟವು. ಅವ್ವ ಪಕ್ಕದಲ್ಲೇ ಕೆಂಪು ಧೂಳಿನಲ್ಲಿ, ಮರದ ನೆರಳಿನಿಂದ ಮರದ ನೆರಳಿಗೆ ಕೂತು ಎದ್ದು ನಡೆದಳು. ದಾರಿಯಲ್ಲಿ ಆದಿವಾಸಿ ಹೆಂಗಸರು ಎಲೆಯ ದೊನ್ನೆಯಲ್ಲಿ ಕವಳಿ ಹಣ್ಣು, ನೇರಳೆ ಹಣ್ಣು ಮಾರುತ್ತಿದ್ದರು. ಗಾಡಿಯವರಿಗೂ ಒಂದೊಂದು ದೊನ್ನೆ ಕೊಡಿಸಿದಳು.

ಸಂಜೆ ಶಾರ್ಲೆಟ್ ಕೆರೆಗೆ ಹೋದೆವು. ಕಾಡಿನ ನಡುವೆ ಒಡ್ಡು ಕಟ್ಟಿ ನಿಲ್ಲಿಸಿದ ನೀರು, ಹತ್ತಿರದಲ್ಲೇ ಪಿಸರನಾಥನ ಗುಡಿ. ಬೇಸಿಗೆಯಾದ್ದರಿಂದ ನೀರು ಇಳಿದು ದಡದ ಕೆಂಪು ಮಣ್ಣು ಬಿರುಕು ಬಿಟ್ಟಿತ್ತು. ಜನ ನೀರಿನಂಚಿಗೆ ಇಳಿದು ಸೆಲ್ಫಿ ತೆಗೆಯುತ್ತಿದ್ದರು.

“ಇದು ಕುಡಿಯೂ ನೀರಿನ ಕೆರಿ ಏನು?”

ನನಗೆ ಗೊತ್ತಿರಲಿಲ್ಲ. ಚಹಾದ ಅಂಗಡಿಯವನನ್ನು ಕೇಳಿದೆ. ಹೌದು, ಮಾಥೇರಾನಿನವರು ಕುಡಿಯುವುದು ಇದೇ ನೀರು ಎಂದ. ಅವ್ವ ನಿಂತಲ್ಲೇ ಚಪ್ಪಲಿ ಬಿಟ್ಟಳು.

ನಮ್ಮದು ನವಲಗುಂದ ತಾಲ್ಲೂಕಿನ ಎರೆಮಣ್ಣಿನ ಊರು. ಬಾವಿ ತೋಡಿದರೆ ಸವಳು ನೀರು. ಕುಡಿಯಲು ಕೆರೆಯೊಂದೇ ಗತಿ. ಆ ಕೆರೆಗೆ ಚಪ್ಪಲಿ ಬಿಟ್ಟು ಇಳಿಯಬೇಕು. ಅಲ್ಲಿ ಬಟ್ಟೆ ಒಗೆಯುವಂತಿಲ್ಲ, ಎಮ್ಮೆ ಮೈ ತೊಳೆಯುವಂತಿಲ್ಲ. ಊರು ಬಿಟ್ಟು ನನಗೆ ಇದೆಲ್ಲ ಮರೆತುಹೋಗಿತ್ತು. ಅವ್ವ ದಂಡೆಯ ಮೇಲೆ ಕೂತು ಬಹಳ ಹೊತ್ತು ನೀರು ನೋಡಿದಳು. “ಮಳಿಗಾಲದಾಗ ತುಂಬತೈತೋ ಇಲ್ಲೋ, ನೋಡ್ಕೊಂಡ ಬಂದ ಹೇಳು,” ಎಂದಳು.

ಅದೇ ವರ್ಷ ಜುಲೈಯಲ್ಲಿ ಒಬ್ಬನೇ ಹೋದೆ. ಮಳೆಗಾಲದಲ್ಲಿ ನೇರಳದಿಂದ ಹತ್ತುವ ಪುಟಾಣಿ ರೈಲು ಇರುವುದಿಲ್ಲ, ಮೇಲಿನ ಶಟಲ್ ಮಾತ್ರ ಓಡುತ್ತದೆ. ಮುಂಬಯಿಗರು ಮರೆಯಲಾಗದ 2005ರ ಜುಲೈ 26ರ ಮಳೆ ಈ ಹಳಿಯನ್ನೂ ಕೊಚ್ಚಿಕೊಂಡು ಹೋಗಿತ್ತು. ರೈಲು ಮತ್ತೆ ಹತ್ತಿದ್ದು 2007ರಲ್ಲಿ. ಮೇಲೆ ಹೋದರೆ ಹತ್ತು ಹೆಜ್ಜೆ ಮುಂದಿನದೂ ಕಾಣದಷ್ಟು ಮಂಜು. ಕೆಲವು ಹೋಟೆಲುಗಳ ಬಾಗಿಲು ಮುಚ್ಚಿತ್ತು, ಕುದುರೆಗಳು ತಾಡಪತ್ರಿ ಹೊದ್ದು ನಿಂತಿದ್ದವು. ಕೆರೆ ಕಾಣಲಿಲ್ಲ, ಕೇಳಿಸಿತು. ಒಡ್ಡಿನ ಮೇಲಿಂದ ನೀರು ಧುಮುಕುತ್ತಿತ್ತು. ಊರಿಗೆ ಫೋನು ಹಚ್ಚಿ ಆ ಸದ್ದಿನ ಕಡೆಗೆ ಹಿಡಿದೆ.

“ಕೋಡಿ ಬಿದ್ದೈತಿ!” ಅವ್ವ ಅಲ್ಲಿಂದಲೇ ಕೂಗಿದಳು. “ಬರೇ ನೋಡ್ಕೊಂತ ನಿಂದರಬ್ಯಾಡ. ಉಡಿ ತುಂಬಬೇಕು.”

ಕೆರೆ ಕೋಡಿ ಬಿದ್ದರೆ ಗಂಗವ್ವನಿಗೆ ಉಡಿ ತುಂಬುವುದು ನಮ್ಮ ಕಡೆಯ ಪದ್ಧತಿ. ಕುಡಿಯುವ ನೀರಿಗೆ ಏನನ್ನೂ ಎಸೆಯಲು ಮನಸ್ಸಾಗದೆ, ತೆಂಗಿನಕಾಯಿ ಒಂದನ್ನು ಪಿಸರನಾಥನ ಗುಡಿಯಲ್ಲಿ ಒಡೆಸಿದೆ. ಅವ್ವ ಅಷ್ಟಕ್ಕೆ ಒಪ್ಪಿದಳು.

ಮೂರನೆಯ ಸಲ 2024ರ ಸೆಪ್ಟೆಂಬರ್ ಕೊನೆ. ಎಂಟು ವರ್ಷಕ್ಕೊಮ್ಮೆ ಅರಳುವ ಕಾರ್ವಿ ಸಹ್ಯಾದ್ರಿಯಲ್ಲಿ ಹೂಬಿಟ್ಟ ವರ್ಷ ಅದು, ಹಿಂದಿನದು 2016ರಲ್ಲಿ. ನಮ್ಮ ಮಲೆನಾಡಿನ ಗುರಿಗೆ ಹೂವಿನ ಬಳಗದ್ದೇ ಗಿಡ. ಇಲ್ಲಿನ ಆದಿವಾಸಿಗಳು ಇದರ ಕಡ್ಡಿ ಹೆಣೆದು, ಮಣ್ಣು ಮೆತ್ತಿ ಗುಡಿಸಲಿನ ಗೋಡೆ ಮಾಡುತ್ತಾರೆ. 1850ರಲ್ಲಿ ಠಾಣೆಯ ಕಲೆಕ್ಟರ್ ಹ್ಯೂ ಮ್ಯಾಲೆಟ್ ಮಾಥೇರಾನನ್ನು ‘ಕಂಡುಹಿಡಿದ’ ಎಂದು ಎಲ್ಲ ಕಡೆ ಬರೆದಿರುತ್ತದೆ. ಆ ಗೋಡೆಗಳನ್ನು ನೋಡಿದರೆ, ಅವನಿಗಿಂತ ಮೊದಲೇ ಈ ಕಾಡನ್ನು ಕಂಡವರು ಯಾರು ಎಂದು ಯಾರೂ ಹೇಳಬೇಕಾಗಿಲ್ಲ. ಕೆರೆ ತುಂಬಿ, ತಿಳಿಯಾಗಿ, ಸುತ್ತಲಿನ ಮರಗಳನ್ನೆಲ್ಲ ಒಳಗೆ ಇಟ್ಟುಕೊಂಡು ಸುಮ್ಮನೆ ಮಲಗಿತ್ತು. ಚೆಂದ ನೋಡಬೇಕೆನ್ನುವವರು ಹೋಗಬೇಕಾದ್ದು ಈ ಹೊತ್ತಿನಲ್ಲಿ, ಅದೂ ವಾರದ ನಡುವೆ.

ನಾಲ್ಕನೆಯದು ಈ ವರ್ಷದ ಜನವರಿ, 2026. ಈ ಸಲ ನೇರಳದಿಂದಲೇ ಪುಟಾಣಿ ರೈಲು ಹತ್ತಿದೆ. ಸರ್ ಆದಮ್‌ಜಿ ಪೀರ್‌ಭಾಯ್ ಅವರ ಹಣದಿಂದ ಅವರ ಮಗ ಅಬ್ದುಲ್ ಹುಸೇನ್ ಕಟ್ಟಿಸಿ, 1907ರಲ್ಲಿ ಶುರುವಾದ ದಾರಿ. ಎರಡು ಅಡಿ ಅಗಲದ ಹಳಿ, ಸುಮಾರು 21 ಕಿಲೋಮೀಟರ್, ಎರಡೂವರೆ ಗಂಟೆಗೂ ಹೆಚ್ಚು. ಅವಸರ ಇದ್ದವರು ಹತ್ತಬೇಡಿ. ಮೇಲೆ ಚಳಿಗಾಲದ ಒಣ ಗಾಳಿ, ಮತ್ತೆ ಅದೇ ಧೂಳು. ಕೆರೆಯ ದಡದಲ್ಲಿ ಕೆಂಪು ಮಣ್ಣಿನ ಸಣ್ಣ ಅಂಚು ಕಾಣಿಸಲು ಶುರುವಾಗಿತ್ತು. ಬೇಸಿಗೆಗೆ ಜನ ಬರುವ ಹೊತ್ತಿಗೆ ಅದು ಎಷ್ಟು ಅಗಲವಾಗುತ್ತದೆಂದು ಈಗ ನನಗೆ ಗೊತ್ತು. ಊರಿಗೆ ಅತಿಥಿಗಳು ಹೆಚ್ಚು ಬರುವುದು ಮನೆಯ ಕೊಡ ಖಾಲಿಯಾಗುವ ಹೊತ್ತಿನಲ್ಲೇ.

ಇನ್ನೊಂದು ಕೆಲಸವೂ ಇತ್ತು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು, ಮನುಷ್ಯರು ಎಳೆಯುವ ಗಾಡಿಯನ್ನು ಆರು ತಿಂಗಳೊಳಗೆ ನಿಲ್ಲಿಸಿ, ಎಳೆಯುವವರಿಗೆ ಇ-ರಿಕ್ಷಾ ಕೊಡುವ ದಾರಿ ನೋಡಿ ಎಂದು ಸರ್ಕಾರಕ್ಕೆ ಹೇಳಿತ್ತು. ಸುದ್ದಿ ಓದಿ ಹೇಳಿದಾಗ ಅವ್ವ ಹಿಗ್ಗಲಿಲ್ಲ. “ಆ ಹುಡುಗಗ ಹೊಸಾ ಗಾಡಿ ಸಿಕ್ಕತೇನು, ಕೇಳ್ಕೊಂಡ ಬಾ,” ಎಂದಿದ್ದಳು. ದಸ್ತೂರಿಯಲ್ಲಿ ಹುಡುಕಿದೆ. ಅವತ್ತು ಹೆಸರನ್ನೂ ಕೇಳಿರಲಿಲ್ಲ. ಮುಖದ ಗುರುತಷ್ಟೇ ಹಿಡಿದು ಹೊರಟವನಿಗೆ ಅವನು ಸಿಗಲಿಲ್ಲ. ಎರಡೂವರೆ ಕಿಲೋಮೀಟರ್ ಜೊತೆಗೆ ನಡೆದು, ನಮ್ಮ ಚೀಲ ಎಳೆದವನ ಹೆಸರು ಕೇಳದೆ ಬಂದಿದ್ದೆ ಎಂಬುದು ಇಂದಿಗೂ ಚುಚ್ಚುತ್ತದೆ.

ಮುಂಬಯಿಯ ನಲ್ಲಿಗೆ ನೀರು ಏಳು ಕೆರೆಗಳಿಂದ ಬರುತ್ತದೆ: ವಿಹಾರ್, ತುಳಸಿ, ತಾನ್ಸಾ, ಮೋಡಕ್ ಸಾಗರ್, ಭಾತ್ಸಾ, ಮತ್ತೆ ವೈತರಣೆಯ ಮೇಲಿನದು, ನಡುವಿನದು. ನಮ್ಮ ಡೊಂಬಿವಲಿಗೆ ಉಲ್ಹಾಸ್ ನದಿ. ಮಳೆಗಾಲ ಬಂದರೆ ಪೇಪರಿನಲ್ಲಿ ಕೆರೆಗಳು ಶೇಕಡಾ ಎಷ್ಟು ತುಂಬಿದವೆಂದು ಓದುತ್ತೇವೆ. ಇವುಗಳಲ್ಲಿ ಒಂದರ ದಂಡೆಯ ಮೇಲಾದರೂ ಕೂತವರು ನಮ್ಮಲ್ಲಿ ಎಷ್ಟು ಮಂದಿ? ಕುಡಿಯುವ ನೀರಿನ ದಂಡೆಯ ಮೇಲೆ ಕೂತು ಅದರ ಏರಿಳಿತ ನೋಡಬಹುದಾದ ಒಂದು ಜಾಗ, ಒಂದು ಲೋಕಲ್ ಟಿಕೆಟಿನ ದೂರದಲ್ಲಿದೆ. ಹೋದರೆ ಎರಡು ಋತುವಿನಲ್ಲಾದರೂ ಹೋಗಿ. ನೀರಿಗೆ ಇಳಿಯಬೇಡಿ, ತಂದ ಪ್ಲಾಸ್ಟಿಕ್ಕು ವಾಪಸು ತನ್ನಿ. ಚೀಲ ಹೊರುವವರ ಹೆಸರು ಕೇಳಿ.

ಅವ್ವನಿಗೆ ಈಗ ಅಷ್ಟು ದೂರ ನಡೆಯಲಾಗದು. ಮಳೆ ಹಿಡಿದ ದಿನ ಊರಿನಿಂದ ಫೋನು ಬರುತ್ತದೆ. ಆರೋಗ್ಯದ ಮಾತು, ಮಕ್ಕಳ ಮಾತು ಎಲ್ಲ ಆಮೇಲೆ. ಮೊದಲ ಪ್ರಶ್ನೆ ಒಂದೇ:

“ನಿಮ್ಮ ಕೆರಿ ತುಂಬೈತೇನು?”