ಎರಡೋ ನಾಲ್ಕೋ

ವಾಹನವನ್ನು ಕೊಳ್ಳಹೊರಟವನು ತಾನು ಹೋಗಬೇಕಾದ ದಾರಿಯನ್ನು ಮೊದಲು ನೆನೆಯುವುದು ಅಪರೂಪ. ಹೋಗುವಾಗ ತಾನು ಹೇಗೆ ಕಾಣುವೆನೆಂಬುದನ್ನು ನೆನೆಯುವುದೇ ಲೋಕರೂಢಿ. ಮೈಸೂರಿನ ಸರಸ್ವತೀಪುರದ ಗೃಹಸ್ಥರೊಬ್ಬರು ಈ ರೂಢಿಗೆ ಹೊರತಾಗಿದ್ದರು. ಅರುವತ್ತು ತುಂಬಿ ಸರ್ಕಾರದ ಕೆಲಸದಿಂದ ಬಿಡುಗಡೆಯಾದಾಗ ಬಂದ ಹಣದಲ್ಲಿ ಮಗಳ ಮದುವೆಯ ಸಾಲ ತೀರಿತು, ಸೋರುತ್ತಿದ್ದ ಮಾಳಿಗೆ ದುರಸ್ತಾಯಿತು. ಮಿಕ್ಕುದರಲ್ಲಿ ಮೋಟಾರು ಸೈಕಲ್ಲೊಂದನ್ನು ಕೊಳ್ಳಬೇಕೆಂಬುದು ಅವರು ವರ್ಷಗಟ್ಟಲೆ ಬಾಯಿಬಿಡದೆ ಇಟ್ಟುಕೊಂಡಿದ್ದ ಆಸೆ. ಹೋಗಬೇಕಾದ ದಾರಿಯೂ ನಿಶ್ಚಯವಾಗಿತ್ತು: ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ, ಅಲ್ಲಿಂದ ಸಂಪಾಜೆಯ ಘಟ್ಟವನ್ನಿಳಿದು, ಸುಳ್ಯದ ಮೇಲೆ ಪುತ್ತೂರು. ಪುತ್ತೂರು ಅವರ ಪತ್ನಿಯ ತವರು. ಮದುವೆಯಾದ ಹೊಸದರಲ್ಲಿ ದಂಪತಿಗಳು ವರ್ಷಕ್ಕೊಮ್ಮೆಯಾದರೂ ಈ ದಾರಿಯನ್ನು ಯೆಜ್ಡಿಯ ಮೇಲೆ ಕ್ರಮಿಸುತ್ತಿದ್ದರು. ಅದು ಮೈಸೂರಿನಲ್ಲಿಯೇ ಐಡಿಯಲ್ ಜಾವಾ ಕಾರ್ಖಾನೆಯು 1980ರ ದಶಕದಲ್ಲಿ ತಯಾರಿಸುತ್ತಿದ್ದ, ಎರಡು ಸಿಲಿಂಡರುಗಳ 350ರ ಗಾಡಿ. ಮಕ್ಕಳ ಶಾಲೆಯ ಶುಲ್ಕಕ್ಕಾಗಿ ಅದು ಮಾರಿಹೋಯಿತು. 1996ರಲ್ಲಿ ಕಾರ್ಖಾನೆಯೂ ಮುಚ್ಚಿತು.

ಈ ನಡುವೆ ಗೃಹಸ್ಥರ ಎಡಗೈ ಹೆಬ್ಬೆರಳಿನ ಬುಡವನ್ನು ಸಂಧಿವಾತ ಹಿಡಿದಿತ್ತು, ಪತ್ನಿಯವರಿಗೆ ಬೆನ್ನುನೋವು. ಆಯ್ಕೆ ತಪ್ಪಿದರೆ ಎರಡನೆಯ ಸಲ ಕೊಳ್ಳಲು ಹಣವೂ ಇರಲಿಲ್ಲ, ವಯಸ್ಸೂ ಇರಲಿಲ್ಲ. ಆದುದರಿಂದ ಮನಸ್ಸು ಹಳೆಯ ಪರಿಚಯದ ಎರಡು ಸಿಲಿಂಡರಿನ ಕಡೆಗೇ ಒಲಿಯಿತು. 2018ರಲ್ಲಿ ಹೊರಬಂದ ರಾಯಲ್ ಎನ್‌ಫೀಲ್ಡಿನ ಇಂಟರ್‌ಸೆಪ್ಟರ್ 650 ಅವರ ಕಣ್ಣಿಗೆ ಬಿದ್ದಿತ್ತು. ಬೆಂಗಳೂರಿನಲ್ಲಿ ಕಂಪ್ಯೂಟರು ಕೆಲಸದಲ್ಲಿದ್ದ ಮಗನು ಇದನ್ನು ಒಪ್ಪಲಿಲ್ಲ. ಅವನಲ್ಲಿ ನಾಲ್ಕು ಸಿಲಿಂಡರುಗಳು ಸಾಲಾಗಿ ನಿಂತ ಹೋಂಡಾ ಸಿಬಿ650ಆರ್ ಇತ್ತು.

“ಅಪ್ಪಾ, ನೀವು ಇನ್ನೊಂದು ಸಲ ಕೊಳ್ಳುವವರಲ್ಲ. ಕೊಳ್ಳುವುದಾದರೆ ನಾಲ್ಕನ್ನೇ ಕೊಳ್ಳಿ. ಮೇಲಣ ಹಣ ನನ್ನದಿರಲಿ” ಎಂದನು.

ಎರಡರ ಬೆಲೆಗೂ ಎರಡರಷ್ಟಕ್ಕೆ ಮಿಕ್ಕ ಅಂತರವಿದ್ದುದರಿಂದ ಇದು ಸಣ್ಣ ಮಾತಾಗಿರಲಿಲ್ಲ.

ಮಗನ ಪಕ್ಷವು ದುರ್ಬಲವಾದುದೂ ಅಲ್ಲ. ಇಂತಹ ಎಂಜಿನಿನಲ್ಲಿ ಪ್ರತಿಯೊಂದು ಸಿಲಿಂಡರೂ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ಸಾಲಾಗಿ ನಾಲ್ಕಿದ್ದರೆ ಅರ್ಧ ಸುತ್ತಿಗೊಂದರಂತೆ ಸಮಾನವಾದ ಅಂತರದಲ್ಲಿ ಹೊಡೆತ ಬೀಳುತ್ತದೆ. ಹೊರಗಣ ಎರಡು ಪಿಸ್ಟನ್ನುಗಳು ಏರುವಾಗ ಒಳಗಣ ಎರಡು ಇಳಿಯುವುದರಿಂದ ಒಂದರ ಭಾರವನ್ನು ಮತ್ತೊಂದು ತೂಗಿಕೊಳ್ಳುತ್ತದೆ. ಉಳಿಯುವುದು ಸುತ್ತಿನ ಎರಡರಷ್ಟು ಶೀಘ್ರವಾದ ಒಂದು ಸಣ್ಣ ನಡುಕ ಮಾತ್ರ. ಸಿಲಿಂಡರುಗಳು ಚಿಕ್ಕವಾದುದರಿಂದ ಯಂತ್ರವು ಬಹುವೇಗದಲ್ಲಿ ತಿರುಗಬಲ್ಲದು. ಹೋಂಡಾದಲ್ಲಿ ಪಿಸ್ಟನ್ನಿನ ಓಟ 46 ಮಿಲಿಮೀಟರು, ಎನ್‌ಫೀಲ್ಡಿನಲ್ಲಿ 67.8. ಮೊದಲನೆಯದು ನಿಮಿಷಕ್ಕೆ 12000 ಸುತ್ತಿನ ಸಮೀಪದಲ್ಲಿ ತನ್ನ ಪೂರ್ಣಶಕ್ತಿಯನ್ನು ಕೊಡುತ್ತದೆ. ಎರಡನೆಯದನ್ನು ಅಷ್ಟು ತಿರುಗಿಸಿದರೆ ಪಿಸ್ಟನ್ನು ಸೆಕೆಂಡಿಗೆ ಸರಾಸರಿ 27 ಮೀಟರು ಓಡಬೇಕಾಗುತ್ತದೆ. ಆ ಯಂತ್ರವನ್ನು ಅದಕ್ಕಾಗಿ ಮಾಡಿಲ್ಲ. ಅದು 7250 ಸುತ್ತಿನಲ್ಲಿ 47 ಅಶ್ವಶಕ್ತಿಗೆ ತೃಪ್ತಿಪಡುತ್ತದೆ. ಹೋಂಡಾದ್ದು ಹೆಚ್ಚುಕಡಿಮೆ ಅದರ ಎರಡರಷ್ಟು. 1969ರಲ್ಲಿ ಹೋಂಡಾ ಕಂಪೆನಿಯು ಸಿಬಿ750ನ್ನು ಮಾರಾಟಕ್ಕಿಟ್ಟಾಗ, ಎಡ್ವರ್ಡ್ ಟರ್ನರನ 1937ರ ಸ್ಪೀಡ್ ಟ್ವಿನ್ನಿನಿಂದ ಮೊದಲಾಗಿ ಮೆರೆದಿದ್ದ ಇಂಗ್ಲಿಷ್ ಜೋಡಿ ಸಿಲಿಂಡರುಗಳು ಮಂಕಾದುದು ಸುಮ್ಮನೆ ಅಲ್ಲ.

ಆದರೆ ಇಂದಿನ ಜೋಡಿಯು ಟರ್ನರನ ಜೋಡಿಯಲ್ಲ. ಅವನದರಲ್ಲಿ ಎರಡು ಪಿಸ್ಟನ್ನುಗಳೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತಿದ್ದವು. ಸವಾರನ ಹಲ್ಲುಗಳೂ ಅವುಗಳೊಡನೆ ಅದುರುತ್ತಿದ್ದವು. 1995ರ ಯಮಹಾ ಟಿಆರ್‌ಎಕ್ಸ್ 850ರಲ್ಲಿ ಎರಡರ ನಡುವೆ 270 ಅಂಶಗಳ ಅಂತರವನ್ನಿಟ್ಟರು. ಎನ್‌ಫೀಲ್ಡೂ ಅದನ್ನೇ ಅನುಸರಿಸಿದೆ. ಒಂದು ಹೊಡೆತಕ್ಕೆ ಮುಕ್ಕಾಲು ಸುತ್ತು, ಮರುಹೊಡೆತಕ್ಕೆ ಒಂದೂಕಾಲು ಸುತ್ತು. ಛಂದಸ್ಸನ್ನು ಬಲ್ಲವರು ಇದನ್ನು ಲಘು ಗುರುಗಳೆಂದಾರು. ನಾಲ್ಕರದು ಬರಿಯ ಲಘುಗಳ ಸಾಲು. ಉಳಿದ ಅದುರನ್ನು ಒಳಗೆ ತಿರುಗುವ ತೂಕದ ದಂಡವೊಂದು ಬಹುಮಟ್ಟಿಗೆ ನುಂಗಿಬಿಡುತ್ತದೆ.

ಮುಖ್ಯವಾದ ಮಾತು ಬೇರೆಯೇ ಇದೆ. ಅಶ್ವಶಕ್ತಿ ಎಷ್ಟೆಂಬುದಕ್ಕಿಂತ ಅದು ಯಾವ ಸುತ್ತಿನಲ್ಲಿ ವಾಸಿಸುತ್ತದೆಂಬುದನ್ನು ನೋಡಬೇಕು. ಚಕ್ರವನ್ನು ತಿರುಗಿಸುವ ಎಳೆತ, ಎಂದರೆ ಯಂತ್ರಜ್ಞರ ಟಾರ್ಕು, ಎನ್‌ಫೀಲ್ಡಿನಲ್ಲಿ 5250 ಸುತ್ತಿನ ಹೊತ್ತಿಗೆ ತುದಿ ಮುಟ್ಟುತ್ತದೆ. ಅದರ ಬಹುಪಾಲು 2500ರಲ್ಲಿಯೇ ಕೈಗೆ ಸಿಗುತ್ತದೆ. ಹೋಂಡಾದಲ್ಲಿ ಆ ತುದಿಯು ಮಾದರಿಗೆ ತಕ್ಕಂತೆ 8500ರಿಂದ 9500ರಲ್ಲಿದೆ. ಲಾರಿಯ ಹಿಂದೆ ಘಟ್ಟವೇರುವವನು 9500 ಸುತ್ತನ್ನು ಕಾಣುವುದು ಯಾವಾಗ? ನಳನು ಬಾಹುಕನಾಗಿ ಋತುಪರ್ಣನ ರಥಕ್ಕೆ ಬಡಕಲಾದ ಸಿಂಧುದೇಶದ ಕುದುರೆಗಳನ್ನು ಆರಿಸಿದಾಗ ಅರಸನು ಹುಬ್ಬು ಗಂಟಿಕ್ಕಿದನಷ್ಟೆ. ಜಾರಿಬಿದ್ದ ಉತ್ತರೀಯವನ್ನು ಅವನು ಕೇಳುವಷ್ಟರಲ್ಲಿ ರಥವು ಯೋಜನ ದೂರ ಹೋಗಿತ್ತು. ಉಪಮೆಯು ಪೂರ್ತಿ ಸರಿಹೊಂದುವುದಿಲ್ಲವೆನ್ನಿ: ಎನ್‌ಫೀಲ್ಡು ಬಡಕಲಲ್ಲ, ತೂಕದಲ್ಲಿ ಹೋಂಡಾಕ್ಕಿಂತ ಕೊಂಚ ಹೆಚ್ಚೇ. ನಾಲ್ಕು ಸಿಲಿಂಡರಿನದು ಭಾರವೆಂಬ ಹಳೆಯ ನುಡಿಗಟ್ಟು ಇಲ್ಲಿ ಸುಳ್ಳಾಗುತ್ತದೆ.

ಡಿಸೆಂಬರಿನ ಒಂದು ಬೆಳಗ್ಗೆ ಮಗನು ತನ್ನ ಗಾಡಿಯನ್ನೂ ಗೆಳೆಯನೊಬ್ಬನ ಇಂಟರ್‌ಸೆಪ್ಟರನ್ನೂ ಮನೆಯ ಮುಂದೆ ತಂದು ನಿಲ್ಲಿಸಿದನು. ಹೋಗುವಾಗ ದಂಪತಿಗಳು ನಾಲ್ಕರ ಮೇಲೆ ಕುಳಿತರು. ಹುಣಸೂರಿನವರೆಗೆ ರೇಷ್ಮೆಯ ಮೇಲೆ ನಡೆದಂತಾಯಿತು. ತಂಬಾಕಿನ ಹೊಲಗಳ ನಡುವಣ ನೇರವಾದ ದಾರಿಯಲ್ಲಿ ಗೃಹಸ್ಥರು ಒಮ್ಮೆ ಕೈ ತಿರುವಿದರು. ಯಂತ್ರವು ಕೊರಳೆತ್ತಿ ಹಾಡಿತು. ಅವರ ಮುಖದ ಮೇಲೆ ಮೂವತ್ತು ವರ್ಷ ಕಾಣದಿದ್ದ ನಗೆ ಬಂದಿತೆಂದು ಮಗನು ಆಮೇಲೆ ಹೇಳುತ್ತಿದ್ದನು. ಕುಶಾಲನಗರ ದಾಟಿ ಏರು ಮೊದಲಾದ ಮೇಲೆ ಕಥೆ ಬೇರೆಯಾಯಿತು. ಮರದ ದಿಮ್ಮಿಗಳ ಲಾರಿಯೊಂದು ಮುಂದೆ ತೆವಳುತ್ತಿತ್ತು. ಪ್ರತಿಯೊಂದು ತಿರುವಿನಲ್ಲಿಯೂ ವೇಗವಿಳಿಯುವುದು, ಎರಡು ಗಿಯರು ಕೆಳಗೆ ಬರುವುದು, ಮತ್ತೆ ಏರುವುದು. ಪ್ರತಿಯೊಂದಕ್ಕೂ ಕ್ಲಚ್ಚು, ಪ್ರತಿಯೊಂದು ಕ್ಲಚ್ಚಿಗೂ ಹೆಬ್ಬೆರಳಿನ ಬುಡದಲ್ಲಿ ಒಂದು ಸೂಜಿ. ಮಡಿಕೇರಿಯಲ್ಲಿ ಕಾಫಿ ಕುಡಿಯುವಾಗ ಅವರು ಲೋಟವನ್ನು ಬಲಗೈಯಲ್ಲಿ ಹಿಡಿದುದನ್ನು ಮಗನು ಕಂಡನು.

“ಕ್ಲಚ್ಚಿನ ಚಿಂತೆ ಬೇಡ ಅಪ್ಪಾ. 2024ರ ಮಾದರಿಯಿಂದ ಕೈಯಲ್ಲಿ ಹಿಡಿಯಬೇಕಾಗಿಲ್ಲದ ಕ್ಲಚ್ಚೂ ಬಂದಿದೆ” ಎಂದನು. ಇದು ನಿಜವೇ. ಗೃಹಸ್ಥರಿಗೆ ಉತ್ತರ ಹೊಳೆಯಲಿಲ್ಲ.

ಸಂಪಾಜೆಯವರೆಗೆ ಇಳಿದು ಮತ್ತೆ ಮಡಿಕೇರಿಗೆ ಏರಿದುದು ಜೋಡಿಯ ಮೇಲೆ. ಏರಿನ ಬಹುಭಾಗ ಮೂರನೆಯ ಗಿಯರಿನಲ್ಲಿಯೇ ಕಳೆಯಿತು. ಕೈ ಹಿಂದೆಗೆದರೆ ಯಂತ್ರವು ತಾನಾಗಿ ನಿಧಾನಿಸುತ್ತಿತ್ತು. ತುಸು ತಿರುವಿದರೆ ಎತ್ತು ನೊಗಕ್ಕೆ ಹೆಗಲು ಕೊಟ್ಟಂತೆ ಎಳೆಯುತ್ತಿತ್ತು. ಕಾಲಿನ ಕೆಳಗಣ ಅದುರು ಇಲ್ಲದಿರಲಿಲ್ಲ. ನೇರವಾದ ದಾರಿಯಲ್ಲಿ ಮಗನು ಮುಂದೆ ಹೋಗಿ ಕಣ್ಮರೆಯಾಗಿ, ಮುಂದಿನ ತಿರುವಿನಲ್ಲಿ ಕಾದು ನಿಲ್ಲುತ್ತಿದ್ದನು.

ರಾತ್ರಿ ಊಟದ ಹೊತ್ತಿನಲ್ಲಿ ತಂದೆಮಕ್ಕಳು ಟಾರ್ಕಿನ ಅಂಕಿಗಳನ್ನು ಹಿಡಿದು ವಾದಿಸುತ್ತಿದ್ದರು. ಎಂಜಿನಿನ ಕವಾಟಗಳು ಹದಿನಾರಾದರೆ ಮೇಲೋ ಎಂಟಾದರೆ ಮೇಲೋ, ಎಂಟನ್ನಾದರೆ ತಿರುಪು ಸಡಿಲಿಸಿ ಸಾಮಾನ್ಯ ಮೆಕ್ಯಾನಿಕನೂ ಸರಿಪಡಿಸಬಲ್ಲನಷ್ಟೆ, ಎಂದು ಮಾತು ಬೆಳೆಯಿತು. ಪತ್ನಿಯವರು ಸಾರನ್ನು ಬಡಿಸುತ್ತ ಹೇಳಿದರು:

“ಏನೂಂದ್ರೆ, ಹೋಗುವಾಗ ನೀವು ಗಿಯರು ಬದಲಾಯಿಸಿದಾಗಲೆಲ್ಲ ನನ್ನ ಹೆಲ್ಮೆಟ್ಟು ನಿಮ್ಮ ಹೆಲ್ಮೆಟ್ಟಿಗೆ ಬಡಿಯುತ್ತಿತ್ತು. ಇಪ್ಪತ್ತರವರೆಗೆ ಎಣಿಸಿದೆ, ಆಮೇಲೆ ಬಿಟ್ಟೆ. ಬರುವಾಗ ಆ ಘಟ್ಟದಲ್ಲಿ ಬಡಿದದ್ದು ನಾಲ್ಕೇ ಸಲ.”

ವಾದವು ಅಲ್ಲಿಗೆ ನಿಂತಿತು. ಕ್ಲಚ್ಚನ್ನು ಯಾರು ಹಿಡಿದರೂ ಬದಲಾಗುವ ಗಿಯರು ಬದಲಾಗಲೇಬೇಕು. ಅದರ ತಳ್ಳಾಟವು ಹಿಂದೆ ಕುಳಿತವರ ಬೆನ್ನಿಗೆ ಮುಟ್ಟುತ್ತದೆ. ಇದು ಯಾವ ಮಾರಾಟದ ಪತ್ರಿಕೆಯ ಅಂಕಿಗಳಲ್ಲಿಯೂ ಇರಲಿಲ್ಲ. ಮಗನ ಹಣವನ್ನು ತೆಗೆದುಕೊಳ್ಳುವ ಸಂಕೋಚದಿಂದಲೂ ಗೃಹಸ್ಥರು ಪಾರಾದರೆಂದು ತೋರುತ್ತದೆ; ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ.

ಮರುದಿನ ಮಗನು ಹೊರಟಾಗ ಅವರು ಬಾಗಿಲಲ್ಲಿ ನಿಂತು, ನಾಲ್ಕರ ದನಿಯು ಏರಿ ಏರಿ ದೊಡ್ಡ ರಸ್ತೆಯ ಕಡೆಗೆ ಅಡಗುವವರೆಗೆ ಕೇಳುತ್ತಿದ್ದರು. ಬುಧವಾರ ಹೋಗಿ ಜೋಡಿಗೆ ಮುಂಗಡ ಕೊಟ್ಟುಬಂದರು. ಹಿಂದಣ ಆಸನಕ್ಕೆ ಒರಗುದಿಂಬೊಂದನ್ನು ಹಾಕಿಸಬೇಕೆಂಬುದು ಪತ್ನಿಯವರ ಷರತ್ತು. ಸಂಜೆ ಫೋನಿನಲ್ಲಿ ಸಂಗತಿಯನ್ನು ತಿಳಿಸಿದಾಗ ಮಗನು ಸ್ವಲ್ಪ ಹೊತ್ತು ಸುಮ್ಮನಿದ್ದನು. ಆಮೇಲೆ, “ಆ ದಿಂಬಿನ ಹಣವನ್ನಾದರೂ ನಾನು ಕೊಡುತ್ತೇನೆ” ಎಂದನು. ಗೃಹಸ್ಥರು ಈ ಸಲ ಬೇಡವೆನ್ನಲಿಲ್ಲ.