ಕುಲ, ಜಾತಿ ಮತ್ತು ಒಂದು ತೊಟ್ಟು ಎಂಜಲು

ತುರುವೇಕೆರೆಯ ಚೆನ್ನಕೇಶವ ದೇವಾಲಯವನ್ನು ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮಣ್ಣನು 1263ರಲ್ಲಿ ಕಟ್ಟಿಸಿದನು. ಅದೇ ಅರಸನು ಹದಿನಾರು ವರ್ಷಗಳ ತರುವಾಯ, 1279ರಲ್ಲಿ, ಒಂದು ಊರಿನ ಆದಾಯವನ್ನು ವಿಚಿತ್ರವಾದ ಕಾರಣಕ್ಕೆ ದತ್ತಿಯಾಗಿ ಬಿಟ್ಟನು. ಕಾಶಿಗೆ ಹೋಗುವ ಯಾತ್ರಿಕರು ಅಲ್ಲಿ ತುರುಷ್ಕರಿಗೆ ಸುಂಕ ತೆರಬೇಕಾಗಿತ್ತು. ಅದಕ್ಕಾಗಿ ವರ್ಷಕ್ಕೆ 645 ನಿಷ್ಕಗಳು. ಕನ್ನಡ ನಾಡಿನ ಬಹುಪಾಲು ಜನರಿಗೆ ಆಗ ತುರುಷ್ಕನೆಂದರೆ ದೂರದ ಗಂಗೆಯ ದಡದಲ್ಲಿ ಕುಳಿತು ಸುಂಕ ವಸೂಲು ಮಾಡುವವನು, ಅಷ್ಟೇ. ಊರಿನ ಹೆಸರನ್ನು ಕೇಳಿ ನಂಟು ಕಲ್ಪಿಸುವವರಿಗಾಗಿ ಒಂದು ಮಾತು: ಹಳಗನ್ನಡದಲ್ಲಿ ‘ತುರು’ ಎಂದರೆ ದನ, ವೀರಗಲ್ಲುಗಳು ಹೇಳುವ ತುರುಗೋಳ್ ಅದೇ. ‘ತುರುಕ’ ಪದಕ್ಕೂ ಅದಕ್ಕೂ ಇರುವುದು ಉಚ್ಚಾರದ ಹೋಲಿಕೆ ಮಾತ್ರ.

ಆ ಪದವು ನಮ್ಮ ದೇಶದಲ್ಲಿ ಎಂದೂ ಕಟ್ಟುನಿಟ್ಟಾಗಿ ಒಂದು ಜನಾಂಗವನ್ನು ಸೂಚಿಸಿದ್ದಿಲ್ಲ. ಹನ್ನೆರಡನೆಯ ಶತಮಾನದ ಕಲ್ಹಣನು ರಾಜತರಂಗಿಣಿಯಲ್ಲಿ ಕನಿಷ್ಕಾದಿ ಕುಷಾಣರನ್ನೂ ತುರುಷ್ಕರೆಂದೇ ಕರೆದಿದ್ದಾನೆ, ಕುಷಾಣರು ತುರ್ಕರಲ್ಲ. 1311ರಲ್ಲಿ ದೋರಸಮುದ್ರದ ಮೇಲೆ ದಂಡೆತ್ತಿ ಬಂದ ಮಲಿಕ್ ಕಾಫೂರನ ಹುಟ್ಟನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ನಾಡಿನ ನೆನಪಿನಲ್ಲಿ ಅದು ತುರುಕರ ದಂಡು. ಆದರೆ ಅದರ ನಾಯಕನು 1299ರ ಗುಜರಾತಿನ ದಾಳಿಯಲ್ಲಿ ಖಂಬಾತದಲ್ಲಿ ಸೆರೆಸಿಕ್ಕಿ ದಿಲ್ಲಿಗೆ ಒಯ್ಯಲ್ಪಟ್ಟ ಗುಲಾಮ.

ತುರುವೇಕೆರೆಯ ಪೇಟೆಯಲ್ಲಿ ಮೂರು ತಲೆಮಾರುಗಳಿಂದ ಕೊಬ್ಬರಿ ವ್ಯಾಪಾರ ಮಾಡಿಕೊಂಡು ಬಂದ ಒಂದು ಮುಸ್ಲಿಂ ಮನೆತನವಿದೆ. ಹೆಸರು ಇಲ್ಲಿ ಬೇಡ. ತೆಂಗಿನಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕುಳಿತು ಉಂಡೆ ಕೊಬ್ಬರಿಯಾಗುವವರೆಗೆ ಕಾಯುವ ತಾಳ್ಮೆ, ತಿಪಟೂರು ಮಾರುಕಟ್ಟೆಯ ಏರಿಳಿತವನ್ನು ಸಹಿಸುವ ತಾಳ್ಮೆ, ಎರಡೂ ಆ ಮನೆಯ ಹಿರಿಯರಿಗೆ ಕೈಬಂದಿವೆ. ಅವರ ಮನೆಯಲ್ಲಿ ಉರ್ದುವಿನಲ್ಲಿ ಬರೆದ ಒಂದು ಶಜ್ರಾ, ಅಂದರೆ ವಂಶಾವಳಿ, ಇದೆ. ಅದರ ಮೇಲ್ತುದಿಯಲ್ಲಿರುವವನು ರೂಮ್ ದೇಶದಿಂದ, ಅಂದರೆ ಈಗಿನ ತುರ್ಕಿಯ ಕಡೆಯಿಂದ, ಬಂದ ಸಿಪಾಯಿ. ವಿಜಾಪುರದ ದಂಡಿನೊಡನೆ ಬಂದು ಶಿರಾದಲ್ಲಿ ನಿಂತವನೆಂದು ಮನೆಯ ಮಾತು. 1638ರಲ್ಲಿ ಶಿರಾ ವಿಜಾಪುರದ ವಶವಾದುದು, 1687ರಲ್ಲಿ ಮೊಗಲರ ಕೈಸೇರಿದುದು ಇತಿಹಾಸ. ಆದುದರಿಂದ ಕಥೆಯು ಅಸಂಭವವೇನಲ್ಲ.

ವಿದೇಶದಲ್ಲಿ ಕೆಲಸ ಮಾಡುವ ಮೊಮ್ಮಗನು ಒಂದು ಪ್ಲಾಸ್ಟಿಕ್ ನಳಿಗೆಯಲ್ಲಿ ಎಂಜಲು ತುಂಬಿಸಿ ವಂಶಪರೀಕ್ಷೆಗೆ ಕಳುಹಿಸಿದನು. ಕೆಲವು ವಾರಗಳಲ್ಲಿ ಉತ್ತರ ಬಂದಿತು: ಬಹುಪಾಲು ದಕ್ಷಿಣ ಭಾರತ, ಮಧ್ಯ ಏಷ್ಯಾ ಎಂದು ಬಣ್ಣ ಹಚ್ಚಿದ್ದ ತುಣುಕು ಇದ್ದೂ ಇಲ್ಲದಂತಿತ್ತು. ಮೊಮ್ಮಗನಿಗೆ ಸಂತೋಷವಾಯಿತು. “ದಾದಾ, ನಾವು ಇಲ್ಲಿಯವರೇ” ಎಂದು ಫೋನಿನಲ್ಲಿ ಹೇಳಿದನು. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ದು ಇಷ್ಟು: “ಹಾಗಾದರೆ ನಮ್ಮ ದಾದಾ ಸುಳ್ಳು ಹೇಳಿದರೇನಪ್ಪಾ?”

ಆ ಪ್ರಶ್ನೆಗೆ ಉತ್ತರ ಹುಡುಕುವವರು ವಿಜಾಪುರಕ್ಕೇ ಹೋಗಬೇಕು. ಸುಮಾರು 1490ರಲ್ಲಿ ಆದಿಲಶಾಹಿ ರಾಜ್ಯವನ್ನು ಸ್ಥಾಪಿಸಿದ ಯೂಸುಫ್ ಆದಿಲ್ ಖಾನನು ಆಟೋಮನ್ ಸುಲ್ತಾನ ಎರಡನೆಯ ಮುರಾದನ ಮಗನೆಂದು ಫೆರಿಸ್ತಾ ಬರೆಯುತ್ತಾನೆ. 1451ರಲ್ಲಿ ಅಣ್ಣನು ಪಟ್ಟವೇರಿದಾಗ ಕೊಲೆಗೆ ಗುರಿಯಾಗಬೇಕಾಗಿದ್ದ ಕೂಸನ್ನು ತಾಯಿಯು ಒಬ್ಬ ವರ್ತಕನ ಕೈಗೆ ಒಪ್ಪಿಸಿ ಉಳಿಸಿದಳಂತೆ. ಇಂದಿನ ಇತಿಹಾಸಕಾರರಲ್ಲಿ ಬಹುಮಂದಿ ಈ ಕಥೆಯನ್ನು ಒಪ್ಪುವುದಿಲ್ಲ. ಅರಮನೆಯ ಆಶ್ರಯದಲ್ಲಿದ್ದವನು ಅರಮನೆಯ ಮೂಲಕ್ಕೆ ಮೆರುಗು ಕೊಡುವುದು ಹೊಸದಲ್ಲ. ಕಥೆ ನಿಜವೆಂದೇ ಇಟ್ಟುಕೊಳ್ಳೋಣ. ಯೂಸುಫನ ಪತ್ನಿ ಬೂಬೂಜಿ ಖಾನಂ ಮುಕುಂದರಾವ್ ಎಂಬ ಮರಾಠ ನಾಯಕನ ತಂಗಿ. ಅಂದಮೇಲೆ ಮಗ ಇಸ್ಮಾಯಿಲನಲ್ಲಿಯೇ ತುರ್ಕ ರಕ್ತ ಅರ್ಧಕ್ಕೆ ಇಳಿಯಿತು. ವಿನೋದವೆಂದರೆ, ಅದೇ ಇಸ್ಮಾಯಿಲನು ತುರ್ಕ ಮತ್ತು ಪಾರಸಿ ನಡೆನುಡಿಗಳನ್ನು ದಖ್ಖನಿಗಿಂತ ಹೆಚ್ಚಾಗಿ ಮೆಚ್ಚುತ್ತಿದ್ದನೆಂದು ಫೆರಿಸ್ತಾನೇ ಹೇಳುತ್ತಾನೆ. ಅವನ ಮರಿಮಗ ಎರಡನೆಯ ಇಬ್ರಾಹಿಮನ (1580–1627) ಹದಿನಾರು ಮಂದಿ ಮುತ್ತಜ್ಜ ಮುತ್ತಜ್ಜಿಯರ ಸಾಲಿನಲ್ಲಿ ಯೂಸುಫನು ಒಬ್ಬ ಮಾತ್ರ. ಫೆರಿಸ್ತಾ ತನ್ನ ಗ್ರಂಥವನ್ನು ಬರೆದದ್ದು ಈ ಇಬ್ರಾಹಿಮನ ಆಸ್ಥಾನದಲ್ಲಿಯೇ. ಒಂದು ಕಡೆ ಲೇಖಕನು ಅರಸನನ್ನು ಆಟೋಮನ್ ಸಿಂಹಾಸನಕ್ಕೆ ಜೋಡಿಸುತ್ತಿದ್ದಾನೆ. ಇನ್ನೊಂದು ಕಡೆ ಆ ಅರಸನೇ ಕಿತಾಬ್-ಎ-ನವರಸ್‌ನಲ್ಲಿ ಸರಸ್ವತಿಯನ್ನು ತಾಯಿಯೆಂದೂ ಗಣಪತಿಯನ್ನು ತಂದೆಯೆಂದೂ ಕರೆದುಕೊಳ್ಳುತ್ತಿದ್ದಾನೆ. ಒಂದೇ ಅರಮನೆಯ ಈ ಎರಡು ವಂಶಾವಳಿಗಳಲ್ಲಿ ಯಾವುದನ್ನು ಸುಳ್ಳೆನ್ನುವುದು? ಮೊದಲನೆಯದು ಇಸ್ತಾಂಬುಲ್, ಇರಾನುಗಳ ಅರಸರೊಡನೆ ಸರಿಸಮನಾಗಿ ನಿಲ್ಲಲು ಬೇಕಾಗಿತ್ತು. ಎರಡನೆಯದು ಅವನಿಗೆ ತನ್ನ ಸಂಗೀತಕ್ಕೆ ಬೇಕಾಗಿತ್ತು.

ಎಂಜಲಿನ ಪರೀಕ್ಷೆಯು ಕೇಳುವ ಪ್ರಶ್ನೆಯೇ ಬೇರೆ. ವೈ ವರ್ಣತಂತು ತಂದೆಯಿಂದ ಮಗನಿಗೆ ಹೆಚ್ಚುಕಡಿಮೆ ಇದ್ದಂತೆಯೇ ದಾಟುತ್ತದೆ; ಮೈಟೋಕಾಂಡ್ರಿಯಾದ ಡಿಎನ್ಎ ತಾಯಿಯಿಂದ ಮಕ್ಕಳೆಲ್ಲರಿಗೂ ಬಂದು ಹೆಣ್ಣುಮಕ್ಕಳ ಮೂಲಕ ಮಾತ್ರ ಮುಂದುವರಿಯುತ್ತದೆ. ಉಳಿದದ್ದೆಲ್ಲ ಪ್ರತಿ ತಲೆಮಾರಿಗೂ ಅರ್ಧ ಅರ್ಧವಾಗಿ ಕಲಸಿಕೊಳ್ಳುತ್ತದೆ. ಹತ್ತು ತಲೆಮಾರು ಹಿಂದೆ ಪೂರ್ವಜರ ಸ್ಥಾನಗಳು 1024. ಇಪ್ಪತ್ತು ತಲೆಮಾರು ಹಿಂದೆ ಹತ್ತು ಲಕ್ಷಕ್ಕೂ ಮಿಕ್ಕು. ಅಷ್ಟು ಹಿಂದಿನ ಒಬ್ಬ ಸಿಪಾಯಿ ನಿಜವಾಗಿಯೂ ಇದ್ದನೆಂದೇ ಹೇಳಿದರೂ, ವೈ ವರ್ಣತಂತುವಿನ ಹೊರತು ಅವನ ಒಂದು ತುಣುಕೂ ಇಂದಿನ ವಂಶಜನ ಮೈಯಲ್ಲಿ ಉಳಿಯದಿರುವುದೇ ಹೆಚ್ಚು ಸಂಭವನೀಯ. ಶಜ್ರಾ ಹೇಳುವುದು ಒಂದು ಗೆರೆಯನ್ನು. ಪರೀಕ್ಷೆ ಅಳೆಯುವುದು ಒಂದು ಜಾತ್ರೆಯನ್ನು.

ಇನ್ನು ಹೋಲಿಕೆಗೆ ಇಟ್ಟುಕೊಂಡ ತುರ್ಕರು ಯಾರು? 1071ರ ಮಾಂಜಿಕರ್ಟ್ ಯುದ್ಧದ ಬಳಿಕ ಮಧ್ಯ ಏಷ್ಯಾದಿಂದ ಬಂದವರ ಭಾಷೆಯು ಅನಟೋಲಿಯಾವನ್ನು ಆವರಿಸಿತು, ಆದರೆ ಜನರು ಬಹುಮಟ್ಟಿಗೆ ಅಲ್ಲಿನವರೇ ಆಗಿ ಉಳಿದರು. ಇಂದಿನ ತುರ್ಕಿಯವರ ವಂಶವಾಹಿಗಳಲ್ಲಿ ಮಧ್ಯ ಏಷ್ಯಾದ ಪಾಲು ಚಿಕ್ಕದು. ತುರ್ಕಿಯ ಒಬ್ಬ ರೈತನು ಎಂಜಲು ಕಳುಹಿಸಿದರೆ ಅವನಿಗೂ ಬಹುಪಾಲು ‘ನೀನು ಇಲ್ಲಿಯವನೇ’ ಎಂಬ ಉತ್ತರವೇ ಬರಬೇಕು. ಭಾರತದ ಮಟ್ಟಿಗೆ, ಹೈದರಾಬಾದಿನ ಸಿಸಿಎಂಬಿಯ ಕುಮಾರಸಾಮಿ ತಂಗರಾಜ್ ಅವರೂ ಇದ್ದ ತಂಡವೊಂದು ಹಲವು ಮುಸ್ಲಿಂ ಸಮುದಾಯಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವು, ಅವರು ತಮ್ಮ ನೆರೆಹೊರೆಯ ಮುಸ್ಲಿಮೇತರರಿಗೇ ಹತ್ತಿರದವರು, ಹೊರಗಿನ ಪಾಲು ಸ್ವಲ್ಪ ಮಾತ್ರ ಎಂದು ಕಂಡುಕೊಂಡಿತು. ಹೊರಗಿನ ಮೂಲ ನಿಚ್ಚಳವಾಗಿ ಕಾಣುವ ಸಮುದಾಯವೂ ನಮ್ಮಲ್ಲಿದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳ ಸಿದ್ದಿಯರಲ್ಲಿ ಆಫ್ರಿಕದ ಪಾಲು ಅರ್ಧಕ್ಕೂ ಹೆಚ್ಚು. ಅವರ ಕನ್ನಡವನ್ನೂ ಕೊಂಕಣಿಯನ್ನೂ ಕೇಳಿದವರು ಅವರನ್ನು ಪರಕೀಯರೆನ್ನಲಾರರು.

ಇಲ್ಲಿ ಮೊಮ್ಮಗನ ಸಂತೋಷವೂ ಸ್ವಲ್ಪ ಅಳುಕು ಹುಟ್ಟಿಸುತ್ತದೆ. ಒಂದು ಕಾಲದಲ್ಲಿ ಶೇಖ್, ಸಯ್ಯದ್, ಮೊಗಲ್, ಪಠಾಣ್ ಎಂಬ ನಾಲ್ಕು ಮೇಲುಮೂಲಗಳಲ್ಲಿ ಒಂದನ್ನು ಹೇಳಿಕೊಳ್ಳುವುದು ಗೌರವವಾಗಿತ್ತು. ಈಗ ಅದೇ ಮಾತು ಚಹದಂಗಡಿಯ ತಮಾಷೆಯಲ್ಲಿ ‘ನೀವು ಹೊರಗಿನಿಂದ ಬಂದವರಲ್ಲವೇ’ ಎಂದು ತಿರುಗಿ ಬರುತ್ತದೆ. ‘ತುರುಕ’ ಎಂಬ ಪದವಂತೂ ಬೈಗುಳವಾಗಿಯೇ ಹೋಗಿದೆ. ಹಾಗಿರುವಾಗ ಹುಡುಗನಿಗೆ ಪ್ರಯೋಗಾಲಯದ ಚೀಟಿಯು ಪೌರತ್ವದ ಪತ್ರದಂತೆ ಕಂಡಿದ್ದರೆ ತಪ್ಪು ಅವನದಲ್ಲ. ಆದರೆ ಈ ಊರಿನ ಕೊಬ್ಬರಿಯನ್ನು ಮೂರು ತಲೆಮಾರು ತೂಗಿದವರು ಇಲ್ಲಿಯವರೆನ್ನಲು ಎಂಜಲಿನ ಸಾಕ್ಷಿ ಏಕೆ ಬೇಕು? ಉತ್ತರ ಬೇರೆಯಾಗಿ ಬಂದಿದ್ದರೆ ಅವರು ಎಲ್ಲಿಯವರಾಗುತ್ತಿದ್ದರು?

ಜೈನ ಶ್ರಾವಕಾಚಾರದಲ್ಲಿ ಈ ವಿಷಯಕ್ಕೆ ಬೆರಗಾಗುವಷ್ಟು ಹೊಂದುವ ಪರಿಭಾಷೆಯಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಕುಲಮದ, ಜಾತಿಮದ ಬೇರೆ ಬೇರೆ. ಕುಲವೆಂದರೆ ತಂದೆಯ ಪರಂಪರೆ, ಜಾತಿಯೆಂದರೆ ತಾಯಿಯ ಪರಂಪರೆ. ಇಂದಿನ ಕಂಪನಿಗಳು ಎರಡು ಬೇರೆ ಚೀಟಿಗಳಲ್ಲಿ ಕೊಡುವುದು ಇವನ್ನೇ. ಶ್ರವಣಬೆಳಗೊಳದ ಶಾಸನಗಳು ಮೂಲಸಂಘ, ದೇಶೀಯಗಣ, ಪುಸ್ತಕಗಚ್ಛ ಎಂದು ಸಾಲುಸಾಲಾಗಿ ಹೇಳುವ ವಂಶಾವಳಿಗಳು ಮಾತ್ರ ಸಂಸಾರ ಬಿಟ್ಟವರವು. ಗುರುವಿನಿಂದ ಶಿಷ್ಯನಿಗೆ ನೂರಾರು ವರ್ಷ ಹರಿದ ಆ ಪರಂಪರೆಯ ಗುರುತು ಯಾವ ನಳಿಗೆಯಲ್ಲಿಯೂ ಸಿಗದು. ಹಾಗೆಂದು ಅದನ್ನು ಕಲ್ಪಿತವೆನ್ನುವ ಧೈರ್ಯ ಯಾವ ವಿದ್ವಾಂಸನಿಗೂ ಇಲ್ಲ. ರೂಮಿನ ಸಿಪಾಯಿಯ ಮಾತನ್ನೂ, ಮನೆತನವೊಂದು ತನ್ನ ಮಕ್ಕಳಿಗೆ ಹೇಳಿಕೊಟ್ಟ ಪಾಠವೆಂದು, ಇದರ ಪಕ್ಕದಲ್ಲಿಯೇ ಇಡಬಹುದು.

ಹಿರಿಯರನ್ನು ಕೊನೆಗೆ ಕಾಡಿದ್ದು ತುರ್ಕಿಯಲ್ಲ. ತಾಯಿಯ ಕಡೆಯ ಚೀಟಿ ಏನು ಹೇಳುತ್ತದೆಂದು ಮೊಮ್ಮಗನನ್ನು ವಿಚಾರಿಸಿದರು. ಅವನು ಒಂದು ಅಕ್ಷರವನ್ನೂ ಒಂದು ಅಂಕಿಯನ್ನೂ ಓದಿ ಹೇಳಿ, ಅದು ದಕ್ಷಿಣ ಭಾರತದ ಬಹು ಹಳೆಯ ಕವಲೆಂದು ವಿವರಿಸಿದನು. ಅದು ಅವನ ತಾಯಿಯ, ಅವಳ ತಾಯಿಯ ಗೆರೆ, ಹಿರಿಯರದಲ್ಲ. ಅದನ್ನೂ ಬಿಡಿಸಿ ಹೇಳಬೇಕಾಯಿತು. ಆಗ ಅವರು ಶಜ್ರಾವನ್ನು ತೆಗೆಸಿ ನೋಡಿದರು. ಮೇಲಿನಿಂದ ಕೆಳಗಿನವರೆಗೆ ಒಬ್ಬ ಹೆಣ್ಣಿನ ಹೆಸರೂ ಇರಲಿಲ್ಲ. ತಮ್ಮ ತಾಯಿ ಚಿಕ್ಕನಾಯಕನಹಳ್ಳಿಯವರು, ಅಜ್ಜಿ ನೊಣವಿನಕೆರೆಯವರು. ಅದರ ಹಿಂದಿನವರು ಶಿರಾದವರೆಂದು ಕೇಳಿದ ನೆನಪು, ಹೆಸರು ತಿಳಿಯದು. ತಿಳಿದ ಎರಡು ಹೆಸರುಗಳನ್ನು, ಊರುಗಳ ಸಹಿತ, ಅಂಚಿನಲ್ಲಿ ಕನ್ನಡದಲ್ಲಿಯೇ ಬರೆಯಿಸಿದ್ದಾರೆ.